ದೇವಯ್ಯನವರ ಇಪ್ಪತ್ತಮೂರು ವರ್ಷ

ಯುದ್ಧದಲ್ಲಿ ಮಡಿದ ಯೋಧರನ್ನು ನಾವು ಬಹಳ ಜೋರಾಗಿ ನೆನೆಯುತ್ತೇವೆ, ಆದರೆ ಸರಿಯಾಗಿ ನೆನೆಯುವುದಿಲ್ಲ. ಮೂವತ್ತು ವರ್ಷಗಳಿಗೂ ಮಿಕ್ಕಿ ಶಾಲಾ ಮೈದಾನದಲ್ಲಿ ಧ್ವಜವಂದನೆಗಳನ್ನು ಕಂಡ ನನ್ನ ಅಭಿಪ್ರಾಯವಿದು. ಒಪ್ಪದವರು ಓದಿ ಮುಗಿಸಿದ ಮೇಲೆ ಜಗಳಕ್ಕೆ ಬರಬಹುದು. ನನ್ನ ತರಗತಿಯಲ್ಲಿ ಕುಳಿತವರಿಗೆ ಆ ಸ್ವಾತಂತ್ರ್ಯ ಮೊದಲಿನಿಂದಲೂ ಇದ್ದೇ ಇದೆ.

ಆಗಸ್ಟ್ ಹದಿನೈದರ ನಾಟಕಗಳು ನಿಮ್ಮಲ್ಲಿ ಹಲವರಿಗೆ ನೆನಪಿರಬೇಕು. ಕೆಲವರು ಪಾತ್ರ ವಹಿಸಿದವರೂ ಹೌದು. ಎಲ್ಲಿಂದಲೋ ಎರವಲು ತಂದ ಹಸಿರು ಅಂಗಿ, ರಟ್ಟಿನ ಬಂದೂಕು, ತೆರೆಯ ಹಿಂದೆ ಪಟಾಕಿ, ಎದೆಯ ಮೇಲೆ ಕುಂಕುಮದ ನೀರು. ಒಂಬತ್ತನೆಯ ತರಗತಿಯ ಹುಡುಗನೊಬ್ಬ ಬಾವುಟವನ್ನು ಕೈಬಿಡದೆ ತೂರಾಡಿ ಬೀಳುತ್ತಾನೆ. ಹಿಂದಿನ ಸಾಲಿನಿಂದ ಶಿಳ್ಳೆ. ಬಿದ್ದವನು ಒಂದು ಕಣ್ಣು ತೆರೆದು ಶಿಳ್ಳೆ ಹಾಕಿದವರಾರೆಂದು ನೋಡುತ್ತಾನೆ. ಆಮೇಲೆ ಅತಿಥಿಗಳ ಭಾಷಣ, ಘೋಷಣೆ, ಸಿಹಿ ಹಂಚಿಕೆ. ಸತ್ತ ಆ ಸೈನಿಕನ ಹೆಸರೇನು, ಯಾವ ಊರಿನವನು, ಯಾವ ಯುದ್ಧದಲ್ಲಿ ಯಾವ ಕೆಲಸ ಮಾಡುತ್ತ ಸತ್ತ, ಅವನ ಮನೆಯವರು ಮುಂದೆ ಏನಾದರು ಎಂಬುದರಲ್ಲಿ ಒಂದಾದರೂ ನಾಟಕದಲ್ಲಿ ಇರುವುದಿಲ್ಲ. ಭಾಷಣದಲ್ಲಂತೂ ಇರುವ ಪ್ರಶ್ನೆಯೇ ಇಲ್ಲ. ‘ವೀರಯೋಧ’ ಎಂಬ ಒಂದು ಪದದ ಹಿಂದೆ ಸಾವಿರಾರು ಮಂದಿಯನ್ನು ಒಟ್ಟಿಗೆ ನಿಲ್ಲಿಸಿ ನಾವು ಮನೆಗೆ ಹೋಗುತ್ತೇವೆ.

ಸೇನೆ ಸೇರಿದ್ದ ನನ್ನ ವಿದ್ಯಾರ್ಥಿಯೊಬ್ಬ ಕಾರ್ಗಿಲ್ ಯುದ್ಧ ಮುಗಿದ ಮರುವರ್ಷ ರಜೆಯ ಮೇಲೆ ಬಂದಾಗ ಶಾಲೆಯ ಕಡೆ ಬಂದಿದ್ದ. ಅಂದಿನ ಕಾರ್ಯಕ್ರಮವನ್ನೆಲ್ಲ ಬೇವಿನ ಮರದಡಿ ನಿಂತು ನೋಡಿದ. ಆಮೇಲೆ ನಗುತ್ತಲೇ ಕೇಳಿದ: “ಸಾರ್, ನನಗೇನಾದ್ರೂ ಆದ್ರೆ ನೀವು ನನ್ ಹೆಸ್ರು ಹೇಳ್ತೀರಾ, ಇಲ್ಲ ವೀರಯೋಧ ಅಂದ್ಬಿಟ್ಟು ಮುಂದಕ್ ಹೋಗ್ತೀರಾ?” ದೇವರ ದಯೆ, ಅವನಿಗೇನೂ ಆಗಲಿಲ್ಲ. ನಿವೃತ್ತನಾಗಿ ಊರಿನಲ್ಲಿ ಹಸು ಕಟ್ಟಿಕೊಂಡು ಸುಖವಾಗಿದ್ದಾನೆ. ಆದರೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಅಂದಿನಿಂದ ಪ್ರತಿ ವರ್ಷ ಒಬ್ಬ ಯೋಧನನ್ನು, ಒಬ್ಬನನ್ನೇ, ಹೆಸರು ವಿವರಗಳ ಸಮೇತ ಮಕ್ಕಳಿಗೆ ಪರಿಚಯಿಸತೊಡಗಿದೆ. ಅವರಲ್ಲಿ ನಾನು ಹೆಚ್ಚು ಸಲ ಹೇಳಿದ ಕಥೆ ಸ್ಕ್ವಾಡ್ರನ್ ಲೀಡರ್ ದೇವಯ್ಯನವರದು.

ಅದಕ್ಕೊಂದು ಸ್ಥಳೀಯ ಕಾರಣವೂ ಇತ್ತು. ದೊಡ್ಡಬಳ್ಳಾಪುರದ ಸುತ್ತ ಪಾಠ ಮಾಡಿದವರಿಗೆ ವಿಮಾನದ ಸದ್ದು ಹೊಸದಲ್ಲ. ಯಲಹಂಕದ ವಾಯುನೆಲೆ ನಮಗೆ ಕೂಗಳತೆಯಲ್ಲಿದ್ದಂತೆ. ೧೯೯೬ರಿಂದ ಎರಡು ವರ್ಷಕ್ಕೊಮ್ಮೆ ಅಲ್ಲಿ ವೈಮಾನಿಕ ಪ್ರದರ್ಶನ ನಡೆಯತೊಡಗಿದ ಮೇಲೆ, ಅದರ ಮುಂಚಿನ ಅಭ್ಯಾಸದ ದಿನಗಳಲ್ಲಿ ಪಾಠ ಮಾಡುವುದು ಯಾವ ಮೇಷ್ಟರ ಕೈಲೂ ಆಗದ ಮಾತಾಯಿತು. ಮೊಘಲರನ್ನು ಪಾಣಿಪತ್ತಿನಲ್ಲೇ ಬಿಟ್ಟು ತರಗತಿಯೆಲ್ಲ ಕಿಟಕಿಗೆ ಓಡುತ್ತಿತ್ತು. ನಾನೂ ಸೀಮೆಸುಣ್ಣ ಕೆಳಗಿಟ್ಟು ಹೊರಗೆ ಬಂದು ನಿಲ್ಲುತ್ತಿದ್ದೆ. ಕಣ್ಣುಗಳು ಆಕಾಶದಲ್ಲಿರುವಾಗಲೇ ಈ ಕಥೆಯನ್ನು ಹೇಳಬೇಕು.

ಅಜ್ಜಮಾಡ ಬೋಪಯ್ಯ ದೇವಯ್ಯ ಕೊಡಗಿನವರು. ಹುಟ್ಟಿದ್ದು ೧೯೩೨ರ ಡಿಸೆಂಬರ್ ೨೪ರಂದು. ೧೯೫೪ರಲ್ಲಿ ವಾಯುಪಡೆಯ ಪೈಲಟ್ ಆದರು. ೧೯೬೫ರ ಯುದ್ಧಕ್ಕೆ ಮುನ್ನ ಹೊಸಬರಿಗೆ ಹಾರಾಟ ಕಲಿಸುವ ಬೋಧಕರಾಗಿದ್ದರು. ಅಂದರೆ ನಮ್ಮ ಮೇಷ್ಟರುಗಳ ಕುಲದವರೇ! ಯುದ್ಧದ ವೇಳೆಗೆ ಅವರನ್ನು ಪಂಜಾಬಿನ ಆದಂಪುರದಲ್ಲಿದ್ದ ಒಂದನೆಯ ಸ್ಕ್ವಾಡ್ರನ್‌ಗೆ ಕಳುಹಿಸಲಾಯಿತು. ಆಗ ಅವರಿಗೆ ೩೨ ವರ್ಷ. ಮನೆಯಲ್ಲಿ ಹೆಂಡತಿ, ಚಿಕ್ಕ ಮಕ್ಕಳು.

ಆ ಸೆಪ್ಟೆಂಬರ್ ೬ರಂದು ನಮ್ಮ ಸೇನೆ ಲಾಹೋರಿನ ದಿಕ್ಕಿನಲ್ಲಿ ಗಡಿ ದಾಟಿತು. ಅದೇ ಸಂಜೆ ಪಾಕಿಸ್ತಾನದ ವಿಮಾನಗಳು ಪಠಾಣಕೋಟೆಯ ನಮ್ಮ ವಾಯುನೆಲೆಯ ಮೇಲೆ ಎರಗಿದವು. ಮರುದಿನ, ೭ರ ಮುಂಜಾನೆ, ಪಾಕಿಸ್ತಾನದ ಅತಿ ಮುಖ್ಯ ವಾಯುನೆಲೆಯಾದ ಸರ್ಗೋಧಾದ ಮೇಲೆ ನಮ್ಮ ದಾಳಿ. ಆದಂಪುರದಿಂದ ಹೊರಡಬೇಕಿದ್ದದ್ದು ಹನ್ನೆರಡು ಮಿಸ್ತೇರ್ ವಿಮಾನಗಳು. ಮುಂದಾಳು ವಿಂಗ್ ಕಮಾಂಡರ್ ಓಂಪ್ರಕಾಶ್ ತನೇಜಾ. ದೇವಯ್ಯನವರು ಆ ಹನ್ನೆರಡರಲ್ಲಿ ಇರಲಿಲ್ಲ. ಯಾವುದಾದರೊಂದು ವಿಮಾನ ಹಿಂದುಳಿದರೆ ಆ ಜಾಗ ತುಂಬುವುದಕ್ಕೆಂದು ಇರಿಸಿದ್ದ ಮೀಸಲು ಪೈಲಟ್ ಅವರು. ಅಂದು ಜಾಗ ತೆರವಾಯಿತು, ಅವರು ಹೊರಟರು.

ಮಿಸ್ತೇರ್ ಫ್ರೆಂಚರು ಮಾಡಿದ ವಿಮಾನ, ವೇಗದಲ್ಲಿ ಶಬ್ದಕ್ಕಿಂತ ಹಿಂದೆ. ಎದುರಾಳಿಗಳ ಬಳಿ ಅಮೆರಿಕದ ಎಫ್-೧೦೪ ಸ್ಟಾರ್‌ಫೈಟರ್ ಇತ್ತು, ಶಬ್ದದ ಎರಡು ಪಟ್ಟು ವೇಗದ್ದು. ಎತ್ತಿನ ಗಾಡಿಯನ್ನು ಮೋಟಾರು ಬೆನ್ನಟ್ಟಿದಂತೆ ಎಂದು ಮಕ್ಕಳಿಗೆ ಹೇಳುತ್ತಿದ್ದೆ. ಅಷ್ಟೊಂದು ಅಂತರವಿರಲಿಲ್ಲ, ಆದರೂ ಮಾತು ತಿಳಿಯುತ್ತಿತ್ತು. ಬಾಂಬು ಹಾಕಿ ಮರಳುವ ದಾರಿಯಲ್ಲಿ ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್ ಎಂಬ ಪಾಕಿಸ್ತಾನಿ ಪೈಲಟ್ ತನ್ನ ಸ್ಟಾರ್‌ಫೈಟರಿನಲ್ಲಿ ನಮ್ಮವರನ್ನು ತಡೆದ. ದೇವಯ್ಯನವರ ವಿಮಾನಕ್ಕೆ ಮೊದಲು ಪೆಟ್ಟು ಬಿತ್ತು. ದೂರದ ದಾಳಿಗೆ ಬಂದ ಮಿಸ್ತೇರಿನಲ್ಲಿ ಇಂಧನ ಲೆಕ್ಕಕ್ಕೆ ತಕ್ಕಷ್ಟೇ ಇರುತ್ತದೆ, ಕಾದಾಟಕ್ಕೆಂದು ಮಿಗುವುದಿಲ್ಲ. ಆದರೂ ಅವರು ಬೆನ್ನು ತೋರಿಸದೆ ತಿರುಗಿ ನಿಂತರು.

ಇಲ್ಲಿ ಸ್ವಲ್ಪ ಭೌತಶಾಸ್ತ್ರವಿದೆ. ಅತಿವೇಗದ ವಿಮಾನ ತಿರುಗಬೇಕಾದರೆ ದೊಡ್ಡ ಸುತ್ತು ಹಾಕಬೇಕು. ನಿಧಾನದ್ದು ಚಿಕ್ಕ ಸುತ್ತಿನಲ್ಲಿ ತಿರುಗುತ್ತದೆ. ಸ್ಟಾರ್‌ಫೈಟರಿನ ಬಲವೆಲ್ಲ ನೇರ ಓಟದಲ್ಲಿ, ಗಿಡ್ಡ ರೆಕ್ಕೆಯ ಅದಕ್ಕೆ ತಿರುವು ಕಷ್ಟ. ಸುತ್ತಿ ಸುತ್ತಿ ಕಾದಾಡುವ ಹೋರಾಟ ನಡೆದಾಗ ನಿಧಾನವೇ ದೇವಯ್ಯನವರ ಅನುಕೂಲವಾಯಿತು. ಪೆಟ್ಟುತಿಂದ ತಮ್ಮ ಮಿಸ್ತೇರಿನಿಂದಲೇ ಅವರು ಸ್ಟಾರ್‌ಫೈಟರನ್ನು ಹೊಡೆದರು. ಹುಸೇನ್ ಪ್ಯಾರಾಚೂಟಿನಲ್ಲಿ ಹಾರಿ ಬದುಕಿದ. ದೇವಯ್ಯನವರು ಅಲ್ಲಿಯೇ ಮಡಿದರು. ಅವರ ದೇಹವನ್ನು ಅಲ್ಲಿಯ ಹಳ್ಳಿಗರು ಮಣ್ಣು ಮಾಡಿದರೆಂದು ಬಹಳ ಕಾಲದ ಮೇಲೆ ತಿಳಿದುಬಂತು.

ಆದರೆ ಇದೆಲ್ಲ ಅಂದು ಆದಂಪುರದಲ್ಲಿ ಯಾರಿಗೂ ಗೊತ್ತಿರಲಿಲ್ಲ. ತಂಡದವರಲ್ಲಿ ಆ ಕಾದಾಟವನ್ನು ಕಂಡವರಿಲ್ಲ. ಮರಳಿ ಬಂದವರನ್ನು ಎಣಿಸಿದಾಗ ಒಬ್ಬರು ಕಡಿಮೆ, ಅಷ್ಟೆ. ಕೊಡಗಿನ ಮನೆಗೆ ಹೋದ ಸುದ್ದಿ ‘ಕಾಣೆಯಾಗಿದ್ದಾರೆ’ ಎಂಬುದು. ದೇವಯ್ಯನವರು ಮಾಡಿದ ಕೆಲಸಕ್ಕೆ ಬದುಕಿದ್ದ ಸಾಕ್ಷಿ ಜಗತ್ತಿನಲ್ಲಿ ಒಬ್ಬನೇ, ಅವನು ಶತ್ರು. ಅದೇ ಹುಸೇನ್ ೧೯೭೧ರ ಯುದ್ಧದಲ್ಲಿ ನಮ್ಮ ಕೈಗೆ ಸಿಕ್ಕಿ ಭಾರತದಲ್ಲಿ ಯುದ್ಧಕೈದಿಯಾಗಿದ್ದ. ಉತ್ತರ ಬಲ್ಲ ಮನುಷ್ಯ ನಮ್ಮ ನೆಲದಲ್ಲೇ ಊಟ ಮಾಡಿಕೊಂಡಿದ್ದ ಕಾಲದಲ್ಲೂ ಕೊಡಗಿನ ಆ ಮನೆಗೆ ಉತ್ತರ ಬರಲಿಲ್ಲ.

ಅದು ಹೊರಬಿದ್ದದ್ದು ೧೯೭೯ರಲ್ಲಿ, ಜಾನ್ ಫ್ರಿಕರ್ ಎಂಬ ಬ್ರಿಟಿಷ್ ಲೇಖಕ ೧೯೬೫ರ ವಾಯುಸಮರವನ್ನು ಪಾಕಿಸ್ತಾನದ ಕಡೆಯಿಂದ ಬರೆದ ಪುಸ್ತಕದಲ್ಲಿ. ಸರ್ಗೋಧಾದ ಆ ಬೆಳಗಿನಲ್ಲಿ ಒಂದು ಮಿಸ್ತೇರ್ ವಿಮಾನವೇ ಸ್ಟಾರ್‌ಫೈಟರನ್ನು ಉರುಳಿಸಿತೆಂದು ಅದರಲ್ಲಿತ್ತು. ಮಿಸ್ತೇರಿನಲ್ಲಿದ್ದವರ ಹೆಸರು ಅವರಿಗೆ ಬೇಕಾಗಿರಲಿಲ್ಲ. ಇತ್ತ ತನೇಜಾ ಅವರಿಗೆ ಹೆಸರು ಗೊತ್ತಿತ್ತು. ತಮ್ಮೊಡನೆ ಬಂದವರಲ್ಲಿ ಮರಳದೆ ಉಳಿದದ್ದು ದೇವಯ್ಯ ಒಬ್ಬರೇ. ಎರಡು ದೇಶಗಳಲ್ಲಿ ಬೇರೆಬೇರೆಯಾಗಿ ಬಿದ್ದಿದ್ದ ಎರಡು ಅರ್ಧಗಳು ಹೀಗೆ ಕೂಡಿದವು. ನಿವೃತ್ತರಾಗಿದ್ದ ತನೇಜಾ ಮೇಲಿನವರಿಗೆ ಬರೆದರು, ಹಿಂದೆ ಬಿದ್ದರು. ೧೯೮೮ರಲ್ಲಿ ದೇವಯ್ಯನವರಿಗೆ ಮರಣೋತ್ತರ ಮಹಾವೀರ ಚಕ್ರ ಬಂತು. ಪತ್ನಿ ಅದನ್ನು ಸ್ವೀಕರಿಸಿದರು. ಪತಿ ಹೋಗಿ ೨೩ ವರ್ಷವಾಗಿತ್ತು.

ಕಥೆ ಇಲ್ಲಿಗೆ ಬರುವಾಗ ಮಕ್ಕಳು ಸಾಮಾನ್ಯವಾಗಿ ಚಪ್ಪಾಳೆ ತಟ್ಟುತ್ತಿದ್ದರು. ಒಂದು ವರ್ಷ ಒಬ್ಬ ಹುಡುಗಿ ತಟ್ಟಲಿಲ್ಲ. ಎದ್ದು ನಿಂತು ಕೇಳಿದಳು: “ಸಾರ್, ಇಪ್ಪತ್ತಮೂರು ವರ್ಷ ಅವರ ಮಕ್ಕಳು ಶಾಲೆಯಲ್ಲಿ ಅಪ್ಪ ಏನಾದ್ರು ಅಂತ ಕೇಳಿದ್ರೆ ಏನು ಹೇಳ್ತಿದ್ರು?” ತರಗತಿ ಸುಮ್ಮನಾಯಿತು. ನಾನೂ ಸುಮ್ಮನಾದೆ. ಆ ಹುಡುಗಿ ಇದನ್ನು ಓದುತ್ತಿರುತ್ತಾಳೆಂಬ ಆಸೆಯಿದೆ. ನಾನು ಕೇಳಿದ ಯಾವ ಭಾಷಣಕ್ಕಿಂತಲೂ, ಆಡಿದ ಯಾವ ಭಾಷಣಕ್ಕಿಂತಲೂ ಆ ಪ್ರಶ್ನೆ ದೊಡ್ಡದು.

ಯೋಧನ ಸಾವನ್ನು ವಿವರವಾಗಿ ಬರೆದಿಡುವುದು ಪಾಶ್ಚಾತ್ಯರಿಂದ ಕಲಿಯಬೇಕಾದ ವಿದ್ಯೆ ಎಂದು ಭಾವಿಸುವವರಿದ್ದಾರೆ. ಅದು ನಮ್ಮ ತೋಟದ ಬದುಗಳ ಮೇಲೇ ನಿಂತಿದೆ. ವೀರಗಲ್ಲುಗಳನ್ನು ನೀವು ಕಾಣದವರಲ್ಲ. ಎಷ್ಟೋ ಊರುಗಳಲ್ಲಿ ಅದಕ್ಕೆ ಎಣ್ಣೆ ಸುರಿದು ‘ವೀರಣ್ಣ’ನೆಂದು ಕೈಮುಗಿಯುತ್ತಾರೆ, ಇನ್ನೆಷ್ಟೋ ಕಡೆ ಅದರ ಮೇಲೆ ಬಟ್ಟೆ ಒಗೆಯುತ್ತಾರೆ. ಸಾಮಾನ್ಯವಾಗಿ ಮೂರು ಅಂತಸ್ತು. ಕೆಳಗೆ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಕೊಂಡೊಯ್ಯುತ್ತಿರುವುದು, ಮೇಲೆ ದೇವರ ಸನ್ನಿಧಿ. ಚಿತ್ರವನ್ನು ಎಲ್ಲರೂ ನೋಡುತ್ತಾರೆ. ಅಂತಸ್ತುಗಳ ನಡುವಿನ ಪಟ್ಟಿಯಲ್ಲಿ ಅಕ್ಷರಗಳಿದ್ದರೆ ಅವನ್ನು ಓದುವವರು ಕಡಿಮೆ.

೨೦೧೮ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಬೆಳಕಿಗೆ ಬಂದ ಕಿತ್ತಯನ ಕಲ್ಲನ್ನೇ ನೋಡಿ. ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. ೭೫೦ರದು. ಆ ಶ್ರೀಪುರುಷನ ಮಾನ್ಯಪುರವೇ ನಮ್ಮ ನೆಲಮಂಗಲ ತಾಲ್ಲೂಕಿನ ಮಣ್ಣೆ ಎಂಬುದನ್ನು ತರಗತಿಯಲ್ಲಿ ಕೇಳಿ ಮರೆತವರು ಈಗ ಮತ್ತೆ ನೆನೆಯಿರಿ. ರಟ್ಟರ ದಾಳಿಗೆ ಎದುರುನಿಂತು ಸತ್ತ ಈ ಕಿತ್ತಯ ರಾಜನಲ್ಲ, ಸಾಮಂತನೂ ಅಲ್ಲ. ಆದರೂ ಆಗ ಯಾರು ಆಳುತ್ತಿದ್ದರು, ನಾಡು ಯಾವುದು, ದಾಳಿ ಮಾಡಿದವರು ಯಾರು, ಸತ್ತವನ ಹೆಸರೇನು ಎಂಬುದೆಲ್ಲ ಆ ಕಲ್ಲಿನಲ್ಲಿದೆ. ಕಲ್ಲಿಗೆ ಈಗ ಒಂದು ಮಂಟಪವೂ ಆಗಿದೆ.

‘ಬೆಂಗಳೂರು’ ಎಂಬ ಹೆಸರು ಮೊದಲು ಸಿಗುವುದೂ ಬೇಗೂರಿನ ಒಂದು ವೀರಗಲ್ಲಿನಲ್ಲಿ, ಸುಮಾರು ಕ್ರಿ.ಶ. ೮೯೦ರದು. ‘ಬೆಂಗಳೂರ ಕಾಳಗ’ದಲ್ಲಿ ಮಡಿದವನನ್ನು ಬರೆಯಹೋಗಿ ಊರಿನ ಹೆಸರು ಉಳಿಯಿತು. ಬೇಂದ ಕಾಳು ತಿಂದ ಬಲ್ಲಾಳನ ಕಥೆ ಹೇಳಿ ನಗಿಸುವ ಗೈಡುಗಳು ಇದನ್ನು ಹೇಳುವುದಿಲ್ಲ. ಬೇಗೂರಿನದೇ ಇನ್ನೊಂದು ದೊಡ್ಡ ವೀರಗಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಯುದ್ಧದಲ್ಲಿ ನಾಗತ್ತರ ಸತ್ತ ಮೇಲೆ ಗಂಗರಸ ಎರೆಯಪ್ಪ ಆ ಪದವಿಗೆ ಇರುಗನನ್ನು ತಂದು, ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ ಕೊಟ್ಟನೆಂದು ಅದರಲ್ಲಿದೆ. ಸತ್ತವನ ನಿಮಿತ್ತ ಕೊಡುವ ಭೂಮಿ ಕಲ್ನಾಡು. ಅದಕ್ಕೆ ನೆತ್ತರುಗೊಡಗೆ ಎಂಬ ಮಾತೂ ಶಾಸನಗಳಲ್ಲಿದೆ. ನೆತ್ತರಿಗೆ ಕೊಟ್ಟ ಕೊಡುಗೆ. ಅಂದಿನವರ ಲೆಕ್ಕದಲ್ಲಿ ಹೆಸರು, ಘಟನೆ, ಹಿಂದೆ ಉಳಿದವರ ಅನ್ನ, ಈ ಮೂರೂ ಒಂದೇ ಕಲ್ಲಿನ ಬರಹ. ಅದೇ ವಸ್ತುಸಂಗ್ರಹಾಲಯದಲ್ಲಿರುವ ಆತಕೂರಿನ ಶಾಸನ, ಕ್ರಿ.ಶ. ೯೪೯-೫೦ರದು, ಕಾಡುಹಂದಿಯೊಡನೆ ಕಾದಾಡಿ ಸತ್ತ ನಾಯಿಯ ಹೆಸರನ್ನೂ ಬಿಡದೆ ಹೇಳುತ್ತದೆ: ಕಾಳಿ. ನಾಯಿಗೂ ಹೆಸರು ಬರೆದ ನಾಡು ನಮ್ಮದು.

ಇಂದಿನವರು ಏನೂ ಮಾಡುತ್ತಿಲ್ಲವೆಂದು ನಾನು ಹೇಳುವುದಿಲ್ಲ. ಮಡಿಕೇರಿಯ ವೃತ್ತಕ್ಕೆ ದೇವಯ್ಯನವರ ಹೆಸರಿದೆ, ಪ್ರತಿಮೆಯಿದೆ. ದೊಡ್ಡಬಳ್ಳಾಪುರ ರಸ್ತೆಯಿಂದ ಯಲಹಂಕ ಉಪನಗರದೊಳಕ್ಕೆ ಹೋಗುವ ದಾರಿಗೆ ಮೇಜರ್ ಸಂದೀಪ್ ಉನ್ನಿಕೃಷ್ಣನ್ ಅವರ ಹೆಸರಿಟ್ಟಿದ್ದಾರೆ. ಅದು ಯುದ್ಧವಲ್ಲ, ೨೦೦೮ರ ನವೆಂಬರಿನಲ್ಲಿ ಮುಂಬಯಿಯ ತಾಜ್ ಹೋಟೆಲಿನಲ್ಲಿ ಭಯೋತ್ಪಾದಕರೊಡನೆ ನಡೆದ ಕಾದಾಟ. ಗಾಯಗೊಂಡ ಜೊತೆಗಾರನನ್ನು ಹೊರಗೆ ಸಾಗಿಸಲು ವ್ಯವಸ್ಥೆ ಮಾಡಿ ಮುಂದೆ ನುಗ್ಗಿದ ಆ ಬೆಂಗಳೂರಿನ ಹುಡುಗನಿಗೆ ೩೧ ವರ್ಷ. ೨೦೦೯ರಲ್ಲಿ ಅಶೋಕ ಚಕ್ರ ಬಂತು. ಆ ರಸ್ತೆಯಲ್ಲಿ ಆಟೋದವರಿಗೆ ಇಂದಿಗೂ ‘ಮದರ್ ಡೈರಿ’ ಎಂದರೇ ತಿಳಿಯುವುದು. ಅದಕ್ಕೆ ಆಟೋದವರನ್ನು ದೂರಿ ಫಲವಿಲ್ಲ. ಫಲಕದ ಮೇಲೆ ಹೆಸರಿನ ಕೆಳಗೆ ನಾಲ್ಕು ಸಾಲು, ‘ಇವರು ಇಂಥ ದಿನ ಇಂಥ ಕಡೆ ಇಂಥದ್ದನ್ನು ಮಾಡಿದರು’ ಎಂದು ಕನ್ನಡದಲ್ಲಿ ಬರೆದರೆ, ಬಸ್ಸಿಗೆ ಕಾಯುವವರಾದರೂ ಓದುತ್ತಾರೆ. ನಾಲ್ಕು ಸಾಲಿಗೆ ಎಷ್ಟು ಬಣ್ಣ ಬೇಕು?

ಇನ್ನು ಸಿನಿಮಾ. ೨೦೨೫ರ ಜನವರಿಯಲ್ಲಿ ‘ಸ್ಕೈ ಫೋರ್ಸ್’ ಎಂಬ ಹಿಂದಿ ಚಿತ್ರ ಬಂತು, ದೇವಯ್ಯನವರ ಕಥೆಯಿಂದಲೇ ಹುಟ್ಟಿದ್ದು. ಹಳೆಯ ವಿದ್ಯಾರ್ಥಿಗಳು ಕೆಲವರು ಫೋನ್ ಮಾಡಿ “ಸಾರ್, ನೀವು ಹೇಳ್ತಿದ್ದ ಕಥೆ!” ಎಂದರು. ಸಂತೋಷವಾಯಿತು. ಆದರೆ ಚಿತ್ರದ ನಾಯಕನ ಹೆಸರು ದೇವಯ್ಯ ಅಲ್ಲ, ಬೇರೆ. ಸಿನಿಮಾದವರಿಗೆ ಅವರವರ ಕಾರಣಗಳಿರುತ್ತವೆ. ಕಥೆಗೆ ಕಲ್ಪನೆ ಬೆರೆಸಿದಾಗ ಹೆಸರು ಬದಲಿಸುವುದು ಕ್ರಮವೂ ಇರಬಹುದು. ನನಗೆ ಮಾತ್ರ ಸಮಾಧಾನವಾಗಲಿಲ್ಲ. ೨೩ ವರ್ಷ ಹೆಸರಿಗೆ ಘಟನೆ ಇರಲಿಲ್ಲ, ಈಗ ಘಟನೆಗೆ ಹೆಸರಿಲ್ಲ.

ವಿವರ ಬರೆಯಬೇಕೆಂದು ನಾನು ಹಟ ಹಿಡಿಯುವುದಕ್ಕೆ ಇನ್ನೊಂದು ಕಾರಣವಿದೆ. ವಿವರ ಬರೆಯಹೊರಟವನಿಗೆ ಸುಳ್ಳು ಹೇಳುವುದು ಕಷ್ಟ. ದೇವಯ್ಯನವರ ಕಥೆಯನ್ನು ಪೂರ್ತಿ ಹೇಳಬೇಕಾದರೆ ಅಮ್ಜದ್ ಹುಸೇನನನ್ನು ಬಿಡುವಂತಿಲ್ಲ. ಅವನೂ ತನ್ನ ದೇಶಕ್ಕಾಗಿ ಹಾರಿದವನು, ಅವನ ಕಡೆಯವರು ಸತ್ಯ ಬರೆಯದಿದ್ದರೆ ನಮಗೆ ಮಹಾವೀರ ಚಕ್ರಕ್ಕೆ ಆಧಾರವೇ ಇರುತ್ತಿರಲಿಲ್ಲ. ಹೆಣವನ್ನು ಮಣ್ಣು ಮಾಡಿದ ಆ ಹಳ್ಳಿಗರನ್ನೂ ಬಿಡುವಂತಿಲ್ಲ. ಘೋಷಣೆಯಲ್ಲಿ ಇವರಿಗೆ ಜಾಗವಿಲ್ಲ. ತರಗತಿಯಲ್ಲಿ ಇದನ್ನು ಹೇಳಿದ್ದಕ್ಕೆ ಒಮ್ಮೆ ಒಬ್ಬ ಪೋಷಕರು ಬಂದು “ಮಕ್ಕಳ ತಲೇಲಿ ಶತ್ರು ಬಗ್ಗೆ ಯಾಕೆ ಒಳ್ಳೇದು ತುಂಬ್ತೀರಿ?” ಎಂದು ಆಕ್ಷೇಪಿಸಿದ್ದರು. ಕೂಡಿಸಿ ಚಹಾ ಕೊಟ್ಟು, ನಡೆದದ್ದನ್ನು ನಡೆದಂತೆ ಹೇಳಿದ್ದೇನೆ, ಒಳ್ಳೆಯದು ಕೆಟ್ಟದ್ದು ಮಕ್ಕಳೇ ಆರಿಸಿಕೊಳ್ಳಲಿ ಎಂದೆ. ಅವರು ಒಪ್ಪಿದರೆಂದು ಹೇಳಲಾರೆ, ಆದರೆ ಚಹಾ ಮುಗಿಸಿ ಹೋದರು.

ನೆತ್ತರುಗೊಡಗೆಯ ಮಾತನ್ನೂ ಪೂರ್ತಿ ಮಾಡಿಬಿಡುತ್ತೇನೆ. ಇಂದು ಅದಕ್ಕೆ ಕುಟುಂಬ ಪಿಂಚಣಿ ಇದೆ, ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆ ಇದೆ. ವ್ಯವಸ್ಥೆ ಇಲ್ಲವೆಂದಲ್ಲ. ಆದರೆ ಒಂದು ದಾಖಲೆಯಲ್ಲಿ ‘ಲಕ್ಷ್ಮಮ್ಮ’ ಎಂದೂ ಇನ್ನೊಂದರಲ್ಲಿ ‘ಲಕ್ಷ್ಮೀದೇವಮ್ಮ’ ಎಂದೂ ಇದ್ದದ್ದಕ್ಕೆ ವಿಧವೆಯೊಬ್ಬರು ಎಷ್ಟು ಬಾರಿ ಬಸ್ಸು ಹತ್ತಿ ಇಳಿದರೆಂಬುದನ್ನು, ಆಕೆಗೆ ಅರ್ಜಿ ಬರೆದುಕೊಟ್ಟವನಾಗಿ ನಾನು ಬಲ್ಲೆ. ಆ ಕಚೇರಿ ಯಾವುದೆಂದು ಇಲ್ಲಿ ಹೇಳುವುದಿಲ್ಲ, ಈ ಹೆಸರುಗಳೂ ಆಕೆಯವಲ್ಲ. ಮೈಕಿನ ಮುಂದೆ ಅವರ ಗಂಡನಿಗೆ ಜಯಕಾರ ಕೂಗಿದವರಲ್ಲಿ ಅರ್ಜಿ ಬರೆಯಲು ಕುಳಿತವರು ಮಾತ್ರ ಯಾರೂ ಇರಲಿಲ್ಲ.

ಆದ್ದರಿಂದ ನನ್ನದೊಂದು ಕೋರಿಕೆ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ, ಈ ನಾಲ್ಕು ತಾಲ್ಲೂಕುಗಳಿಂದ ಸೇನೆಗೆ ಹೋಗಿ ಮರಳದವರ ಹೆಸರುಗಳನ್ನು ಒಂದು ದಪ್ಪ ನೋಟುಪುಸ್ತಕದಲ್ಲಿ ಬರೆಯಲು ಹೊರಟಿದ್ದೇನೆ. ಅಲಂಕಾರ ಬೇಡ. ಹೆಸರು, ತಂದೆತಾಯಿಯರ ಹೆಸರು, ಊರು, ಓದಿದ ಶಾಲೆ, ಸೇರಿದ ರೆಜಿಮೆಂಟು, ಹೋದ ದಿನ, ಸ್ಥಳ. ಅವರು ಅಲ್ಲಿ ಏನು ಮಾಡುತ್ತಿದ್ದರೆಂದು ಜೊತೆಯಲ್ಲಿದ್ದವರು ಯಾರಾದರೂ ಹೇಳಿದ್ದರೆ, ಹೇಳಿದವರ ಮಾತಿನಲ್ಲೇ ಅದು. ಕಬಡ್ಡಿ ಆಡುತ್ತಿದ್ದರೋ, ಲೆಕ್ಕದಲ್ಲಿ ಹಿಂದೋ, ಮನೆಗೆ ಬರೆದ ಕೊನೆಯ ಕಾಗದದಲ್ಲಿ ಏನು ಕೇಳಿದ್ದರು, ಇದ್ದರೆ ಅದೂ ಇರಲಿ. ಕಾಗದಗಳನ್ನು ಕಳುಹಿಸಬೇಡಿ, ಅವು ಮನೆಯಲ್ಲೇ ಇರಬೇಕಾದವು. ನಕಲು ಮಾಡಿ ಕಳುಹಿಸಿ. ಮನೆಯವರಿಗೆ ಇಷ್ಟವಿಲ್ಲದಿದ್ದರೆ ಒತ್ತಾಯ ಬೇಡ. ಪುಸ್ತಕದ ಒಂದೊಂದು ಪ್ರತಿ ಆ ಯೋಧರು ಓದಿದ ಶಾಲೆಗಳಿಗೆ ಹೋಗುತ್ತದೆ; ಆಗಸ್ಟ್ ಹದಿನೈದರಂದು ನಾಟಕಕ್ಕೆ ಮುನ್ನ ಅದರ ಒಂದು ಪುಟ ಓದಲು ಮುಖ್ಯೋಪಾಧ್ಯಾಯರು ಕೆಲವರು ಒಪ್ಪಿದ್ದಾರೆ.

ನಿಮ್ಮಲ್ಲಿ ಹೊಸಕೋಟೆಯ ಕಡೆಯವರು ಮೊದಲು ಬರೆಯಿರಿ. ನಾನು ಆ ಭಾಗದಲ್ಲಿ ಕೆಲಸ ಮಾಡಲಿಲ್ಲ, ಪರಿಚಯ ಕಡಿಮೆ. ಕೈಬರಹ ಸ್ಫುಟವಾಗಿರಲಿ, ಹೆಸರುಗಳ ಕಾಗುಣಿತವನ್ನು ಎರಡು ಸಲ ನೋಡಿ. ಅದಕ್ಕೆ ಮಾತ್ರ ನಾನು ಈಗಲೂ ಅಂಕ ಕಳೆಯುತ್ತೇನೆ.